ಫೈಲ್ ತೆರೆದುಕೊಂಡರೆ ಸಾಲದು: ವಿಶೇಷ ಇಮೇಜ್ ಫೈಲ್ ಓದುವ ಓಪನ್ ಸೋರ್ಸ್ ಲೈಬ್ರರಿಯನ್ನು ಪರೀಕ್ಷಿಸುವುದು ಹೇಗೆ

ಜೆಪೆಗ್, ಪಿಎನ್‌ಜಿ ಓದುವುದಕ್ಕೆ ಯಾವ ಲೈಬ್ರರಿ (ನಮ್ಮ ಪ್ರೋಗ್ರಾಮ್‌ನಿಂದ ಕರೆದು ಬಳಸುವ ಸಿದ್ಧ ಕೋಡ್) ಅಂತ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಯಾವುದನ್ನು ಹಾಕಿದರೂ ಸಾಮಾನ್ಯವಾಗಿ ನಡೆಯುತ್ತದೆ. ತೊಂದರೆ ಶುರುವಾಗುವುದು ಸಿಟಿ ಸ್ಕ್ಯಾನರ್‌ನ ಡೈಕಾಮ್, ಜಿಬಿಗಟ್ಟಲೆ ತೂಗುವ ಪೆಥಾಲಜಿ ಸ್ಲೈಡ್, ಟೆಲಿಸ್ಕೋಪಿನ ಫಿಟ್ಸ್, ಕ್ಯಾಮೆರಾದ ರಾ ಫೈಲ್ ಇಂಥವು ಕೈಗೆ ಬಂದಾಗ. ಆಗ ಹೆಚ್ಚಿನವರು ಮಾಡುವುದು ಒಂದೇ: ಹುಡುಕುತ್ತಾರೆ, ಗಿಟ್‌ಹಬ್‌ನಲ್ಲಿ ಜಾಸ್ತಿ ಸ್ಟಾರ್ (ಮೆಚ್ಚುಗೆ) ಇರುವುದನ್ನು ಇನ್‌ಸ್ಟಾಲ್ ಮಾಡುತ್ತಾರೆ, ಒಂದು ಫೈಲ್ ತೆರೆಯುತ್ತಾರೆ. ಚಿತ್ರ ಕಾಣಿಸಿತಾ? ಮುಗೀತು.

ಚಿತ್ರ ಕಾಣಿಸಿತು ಅನ್ನುವುದೇ ಇಲ್ಲಿ ಮೋಸ. ಲೈಬ್ರರಿ ಕ್ರ್ಯಾಶ್ ಆದರೆ ಅವತ್ತೇ ಗೊತ್ತಾಗುತ್ತದೆ, ಸರಿ ಮಾಡುತ್ತೀರಿ ಇಲ್ಲವೇ ಬೇರೆಯದನ್ನು ಹುಡುಕುತ್ತೀರಿ. ಆದರೆ ಒಂದು ಎರರ್ ಕೂಡ ಕೊಡದೆ ತಪ್ಪು ಪಿಕ್ಸೆಲ್ ಕೊಡುವ ಲೈಬ್ರರಿ ಇದೆಯಲ್ಲ, ಅದು ತಿಂಗಳುಗಟ್ಟಲೆ ನಿಮ್ಮ ಜೊತೆಗಿದ್ದು ನಿಮ್ಮ ಅಳತೆ, ನಿಮ್ಮ ಮಾಡೆಲ್, ನಿಮ್ಮ ವರದಿ ಎಲ್ಲವನ್ನೂ ಸದ್ದಿಲ್ಲದೆ ಕೆಡಿಸಿರುತ್ತದೆ. ಅದಕ್ಕೇ ಪಿಕ್ಸೆಲ್ ತಾಳೆ ನೋಡುವ ಹಂತಕ್ಕೆ ಇಲ್ಲಿ ಹೆಚ್ಚು ಜಾಗ ಕೊಟ್ಟಿದ್ದೇನೆ. ಉಳಿದ ಕೆಲವು ಹಂತಗಳು ಬೇಗ ಮುಗಿಯುತ್ತವೆ.

ಹಂತ 1: ನಿಮಗೆ ಏನು ಬೇಕು ಅಂತ ಬರೆದಿಟ್ಟುಕೊಳ್ಳಿ

ಬೋರ್ ಕೆಲಸ, ಗೊತ್ತು. ಆದರೂ ಮಾಡಿ. "ನಮಗೆ ಡೈಕಾಮ್ ಓದಬೇಕು" ಅಂದರೆ ಸಾಲದು, ಯಾಕೆಂದರೆ ಡೈಕಾಮ್ ಒಂದು ಡಬ್ಬಿ ಇದ್ದ ಹಾಗೆ, ಒಳಗೆ ಏನು ತುಂಬಿದ್ದಾರೆ ಅನ್ನುವುದು ಬೇರೆಯೇ ಪ್ರಶ್ನೆ. ಪಿಕ್ಸೆಲ್‌ಗಳು ಕಂಪ್ರೆಸ್ ಆಗದೆ ಹಾಗೇ ಕೂತಿರಬಹುದು. ಆರ್‌ಎಲ್‌ಇ ಅನ್ನುವ ಸರಳ ಕಂಪ್ರೆಷನ್ ಇರಬಹುದು, ಮಾಮೂಲಿ 8 ಬಿಟ್ ಜೆಪೆಗ್ ಇರಬಹುದು, 12 ಬಿಟ್ ಜೆಪೆಗ್ ಇರಬಹುದು, ಲಾಸ್‌ಲೆಸ್ (ಏನೂ ಕಳೆದುಹೋಗದ) ಜೆಪೆಗ್, ಜೆಪೆಗ್-ಎಲ್‌ಎಸ್, ಜೆಪೆಗ್ 2000 ಯಾವುದು ಬೇಕಾದರೂ ಇರಬಹುದು. ಇದನ್ನು ಫೈಲಿನೊಳಗೆ ಟ್ರಾನ್ಸ್‌ಫರ್ ಸಿಂಟ್ಯಾಕ್ಸ್ ಅನ್ನುವ ಒಂದು ಗುರುತು ಹೇಳುತ್ತದೆ. ವೆಬ್‌ಗಾಗಿ ಬರೆದ ಜೆಪೆಗ್ ಡಿಕೋಡರ್‌ಗಳಲ್ಲಿ (ಕಂಪ್ರೆಸ್ ಆದದ್ದನ್ನು ಬಿಚ್ಚುವ ಕೋಡ್) ಬಹಳಷ್ಟಕ್ಕೆ ಲಾಸ್‌ಲೆಸ್ ಜೆಪೆಗ್ ಅರ್ಥವಾಗುವುದೇ ಇಲ್ಲ.

ಪೈಥಾನ್‌ನಲ್ಲಿ ಡೈಕಾಮ್ ಓದುವ ಪೈಡೈಕಾಮ್ ಲೈಬ್ರರಿ ಇದಕ್ಕೆ ಒಳ್ಳೆ ಉದಾಹರಣೆ. ಹೆಡರ್ ಮತ್ತು ಟ್ಯಾಗ್‌ಗಳನ್ನು, ಅಂದರೆ ಚಿತ್ರದ ಬಗೆಗಿನ ಮಾಹಿತಿಯನ್ನು, ಅದು ತಾನೇ ಓದುತ್ತದೆ, ಚೆನ್ನಾಗಿಯೇ ಓದುತ್ತದೆ. ಆದರೆ ಒಳಗಿನ ಪಿಕ್ಸೆಲ್‌ಗಳು ಜೆಪೆಗ್ ಬಗೆಯಲ್ಲಿ ಕಂಪ್ರೆಸ್ ಆಗಿದ್ದರೆ ಪೈಲಿಬ್‌ಜೆಪೆಗ್, ಜಿಡಿಸಿಎಂ ಅಥವಾ ಪಿಲ್ಲೋ ಇಂಥ ಬೇರೆ ಪ್ಯಾಕೇಜ್ ಜೊತೆಗೆ ಬೇಕು. ಇದು ಅದರ ಕೊರತೆಯಲ್ಲ, ಬೇಕೆಂದೇ ಹಾಗೆ ಕಟ್ಟಿದ್ದಾರೆ. ಆದರೆ ರೀಡ್‌ಮಿ (ಪರಿಚಯ ಪುಟ) ಅರ್ಧ ಓದಿ ಇನ್‌ಸ್ಟಾಲ್ ಮಾಡಿದವರಿಗೆ ಇದು ಗೊತ್ತಾಗುವುದು ಮೊದಲ ಕಂಪ್ರೆಸ್ಡ್ ಫೈಲ್ ಬಂದಾಗಲೇ.

ಟಿಫ್ ಕೂಡ ಹೀಗೇ. ಹಳೆಯ ಟಿಫ್‌ನಲ್ಲಿ ಫೈಲಿನೊಳಗಿನ ವಿಳಾಸಗಳು 32 ಬಿಟ್, ಆದ್ದರಿಂದ 4 ಜಿಬಿ ದಾಟುವ ಹಾಗಿಲ್ಲ. ಅದಕ್ಕಿಂತ ದೊಡ್ಡದಕ್ಕೆ ಬಿಗ್‌ಟಿಫ್ ಬಂತು, ಅದರಲ್ಲಿ 64 ಬಿಟ್. ಎರಡಕ್ಕೂ ಎಕ್ಸ್‌ಟೆನ್ಷನ್ ಒಂದೇ ಇರಬಹುದು. "ಟಿಫ್ ಸಪೋರ್ಟ್ ಇದೆ" ಅನ್ನುವ ಲೈಬ್ರರಿಯಲ್ಲಿ ಬಿಗ್‌ಟಿಫ್ ಇದೆಯಾ, ಟೈಲ್ ಆಗಿ ಜೋಡಿಸಿದ್ದು ಓದುತ್ತದಾ, ಯಾವ್ಯಾವ ಕಂಪ್ರೆಷನ್, 16 ಬಿಟ್ ಮತ್ತು ಫ್ಲೋಟ್ (ದಶಮಾಂಶ ಸಂಖ್ಯೆ) ಎರಡೂ ಬರುತ್ತವಾ ಅಂತ ಬಿಡಿಸಿ ಬಿಡಿಸಿ ಕೇಳಬೇಕು.

ಹಾಗಾಗಿ ನಿಮ್ಮ ಹಾಳೆಯಲ್ಲಿ ಇಷ್ಟಾದರೂ ಇರಲಿ: ಯಾವ ಯಂತ್ರಗಳಿಂದ ಬರುವ ಫೈಲ್, ಒಳಗೆ ಯಾವ ಕಂಪ್ರೆಷನ್, ನಿಮಗೆ ಪಿಕ್ಸೆಲ್ ಬೇಕಾ ಅಥವಾ ಬರೀ ಮೆಟಾಡೇಟಾ (ಚಿತ್ರದ ಬಗೆಗಿನ ಮಾಹಿತಿ) ಸಾಕಾ, ಇಡೀ ಚಿತ್ರ ಬೇಕಾ ಅಥವಾ ಒಂದು ತುಂಡು ಸಾಕಾ, ಓದುವುದು ಮಾತ್ರವಾ ಬರೆಯುವುದೂ ಇದೆಯಾ. ಕೊನೆಯದಾಗಿ ಒಂದು ಮುಖ್ಯ ಪ್ರಶ್ನೆ, ಈ ಫೈಲ್‌ಗಳು ನಿಮ್ಮದೇ ಯಂತ್ರದಿಂದ ಬರುತ್ತವಾ ಅಥವಾ ಯಾರು ಯಾರೋ ಅಪ್‌ಲೋಡ್ ಮಾಡುತ್ತಾರಾ? ಸೆಕ್ಯುರಿಟಿಗೆ ಎಷ್ಟು ತಲೆ ಕೆಡಿಸಿಕೊಳ್ಳಬೇಕು ಅನ್ನುವುದು ಇದರ ಮೇಲೆ ನಿಂತಿದೆ.

ಹಂತ 2: ಟೆಸ್ಟ್ ಫೈಲ್‌ಗಳನ್ನು ಕೂಡಿಸಿ

ಲೈಬ್ರರಿ ಜೊತೆ ಬರುವ ಸ್ಯಾಂಪಲ್ ಫೈಲ್ ಅದರಲ್ಲಿ ತೆರೆಯದೇ ಇನ್ನೇನು? ಅದರಿಂದ ಏನೂ ತಿಳಿಯುವುದಿಲ್ಲ. ನಿಮಗೆ ಬೇಕಾಗಿರುವುದು ನಿಮ್ಮ ಕೆಲಸದಲ್ಲಿ ಬರುವ ಫೈಲ್‌ಗಳು. ಹಳೆಯವು, ಹೊಸವು, ಬೇರೆ ಬೇರೆ ಯಂತ್ರದವು, ಅದೇ ಯಂತ್ರದ ಸಾಫ್ಟ್‌ವೇರ್ ಅಪ್‌ಡೇಟ್ ಆಗುವ ಮೊದಲಿನದು ಮತ್ತು ಆದಮೇಲಿನದು. ಯಂತ್ರ ತಯಾರಿಸುವ ಕಂಪನಿಗಳು ಒಂದು ಅಪ್‌ಡೇಟ್‌ನಲ್ಲಿ ಸದ್ದಿಲ್ಲದೆ ಕಂಪ್ರೆಷನ್ ಬದಲಾಯಿಸುವುದು ಅಪರೂಪವೇನಲ್ಲ.

ಸ್ವಂತ ಫೈಲ್ ಇನ್ನೂ ಕೈಗೆ ಬಂದಿಲ್ಲ ಅಂದರೆ ಸಾರ್ವಜನಿಕ ಸಂಗ್ರಹಗಳಿವೆ. ಪೆಥಾಲಜಿ ಸ್ಲೈಡ್‌ಗಳಿಗೆ ಓಪನ್‌ಸ್ಲೈಡ್ ಯೋಜನೆಯವರೇ ಬೇರೆ ಬೇರೆ ಕಂಪನಿಗಳ ಟೆಸ್ಟ್ ಫೈಲ್‌ಗಳನ್ನು ಇಟ್ಟಿದ್ದಾರೆ. ಡೈಕಾಮ್‌ಗೆ ದಿ ಕ್ಯಾನ್ಸರ್ ಇಮೇಜಿಂಗ್ ಆರ್ಕೈವ್ ಇದೆ.

ವೈದ್ಯಕೀಯ ಫೈಲ್ ಆದರೆ ಒಂದು ಎಚ್ಚರಿಕೆ. ರೋಗಿಯ ಹೆಸರಿನ ಟ್ಯಾಗ್ ಅಳಿಸಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಕಂಪನಿಗಳು ತಮ್ಮದೇ ಖಾಸಗಿ ಟ್ಯಾಗ್‌ಗಳನ್ನು ಬೆಸ ಸಂಖ್ಯೆಯ ಗ್ರೂಪ್‌ಗಳಲ್ಲಿ ಇಡುತ್ತವೆ, ಅಲ್ಲೂ ಹೆಸರು ಅಡಗಿರಬಹುದು. ಅಲ್ಟ್ರಾಸೌಂಡ್ ಚಿತ್ರಗಳಲ್ಲಿ ಹೆಸರು ಪಿಕ್ಸೆಲ್ ಮೇಲೇ ಅಚ್ಚಾಗಿರಬಹುದು. ಸ್ಲೈಡ್ ಫೈಲ್‌ಗಳಲ್ಲಿ ಗಾಜಿಗೆ ಅಂಟಿಸಿದ ಚೀಟಿಯ ಫೋಟೋ ಲೇಬಲ್ ಅನ್ನುವ ಹೆಸರಿನಲ್ಲಿ ಒಳಗೇ ಕೂತಿರುತ್ತದೆ. ಇಷ್ಟೂ ನೋಡದೆ ಯಾವ ಫೈಲನ್ನೂ ಹೊರಗಿನವರಿಗೆ ಕಳಿಸಬೇಡಿ.

ಜೊತೆಗೆ ಕೆಟ್ಟ ಫೈಲ್‌ಗಳನ್ನೂ ನೀವೇ ತಯಾರಿಸಿ. ಒಂದು ಒಳ್ಳೆ ಫೈಲನ್ನು ಅರ್ಧಕ್ಕೆ ಕತ್ತರಿಸಿ. ಒಂದು ಸೊನ್ನೆ ಬೈಟ್ ಫೈಲ್. ಎಕ್ಸ್‌ಟೆನ್ಷನ್ ಬದಲಾಯಿಸಿದ ಒಂದು ಪಿಎನ್‌ಜಿ. ಹೆಕ್ಸ್ ಎಡಿಟರ್‌ನಲ್ಲಿ (ಫೈಲಿನ ಬೈಟ್‌ಗಳನ್ನು ನೇರವಾಗಿ ತಿದ್ದುವ ಪ್ರೋಗ್ರಾಮ್) ಅಗಲದ ಜಾಗಕ್ಕೆ ದೊಡ್ಡ ಸಂಖ್ಯೆ ಹಾಕಿದ ಒಂದು ಟಿಫ್. ಇವು ಹಂತ 7ಕ್ಕೆ ಬೇಕು.

ಹಂತ 3: ಲೈಸೆನ್ಸ್

ಕೋಡ್ ಬರೆಯುವ ಮೊದಲೇ ಇದನ್ನು ಮುಗಿಸಿ, ಯಾಕೆಂದರೆ ಹತ್ತು ನಿಮಿಷದಲ್ಲಿ ಒಂದು ಲೈಬ್ರರಿ ಪಟ್ಟಿಯಿಂದ ಹೊರಗೆ ಹೋಗಬಹುದು. ಪೈಡೈಕಾಮ್ ಮತ್ತು ಉಪಗ್ರಹ, ನಕ್ಷೆ ಚಿತ್ರ ಓದುವ ಜಿಡಿಎಎಲ್ ಎಂಐಟಿ ಲೈಸೆನ್ಸ್‌ನಲ್ಲಿವೆ, ಫಿಟ್ಸ್ ಓದುವ ಆಸ್ಟ್ರೋಪೈ ಬಿಎಸ್‌ಡಿ, ಎರಡೂ ಸಡಿಲ ಲೈಸೆನ್ಸ್, ಹೆಚ್ಚು ಯೋಚಿಸಬೇಕಿಲ್ಲ. ಓಪನ್‌ಸ್ಲೈಡ್ ಎಲ್‌ಜಿಪಿಎಲ್ 2.1. ರಾ ಫೈಲ್ ಓದುವ ಲಿಬ್‌ರಾ ಎಲ್‌ಜಿಪಿಎಲ್ 2.1 ಅಥವಾ ಸಿಡಿಡಿಎಲ್, ಎರಡರಲ್ಲಿ ನಿಮಗೆ ಬೇಕಾದ್ದು ಆರಿಸಿಕೊಳ್ಳಬಹುದು. ಮೈಕ್ರೋಸ್ಕೋಪ್ ಫೈಲ್‌ಗಳಿಗೆ ಹೆಸರಾದ ಬಯೋ-ಫಾರ್ಮ್ಯಾಟ್ಸ್ 150ಕ್ಕೂ ಹೆಚ್ಚು ಫಾರ್ಮ್ಯಾಟ್ ಓದುತ್ತದೆ, ಆದರೆ ಅದರ ರೀಡರ್‌ಗಳಲ್ಲಿ ಬಹುಪಾಲು ಜಿಪಿಎಲ್, ಕೆಲವು ಮಾತ್ರ ಬಿಎಸ್‌ಡಿ.

ಜಿಪಿಎಲ್ ಕೋಡನ್ನು ನಿಮ್ಮ ಪ್ರೋಗ್ರಾಮ್‌ಗೆ ಸೇರಿಸಿ ಹಂಚಿದರೆ ಇಡೀ ಪ್ರೋಗ್ರಾಮನ್ನು ಜಿಪಿಎಲ್ ಅಡಿಯಲ್ಲೇ ಕೊಡಬೇಕಾಗುತ್ತದೆ. ನಿಮ್ಮ ಸಂಸ್ಥೆಯ ಒಳಗೇ ಬಳಸಿದರೆ ಈ ತಲೆನೋವಿಲ್ಲ. ಎಲ್‌ಜಿಪಿಎಲ್ ಅಷ್ಟು ಬಿಗಿ ಇಲ್ಲ, ಆದರೆ ಬಳಕೆದಾರ ಆ ಲೈಬ್ರರಿಯನ್ನು ತನ್ನದೇ ಆವೃತ್ತಿಯಿಂದ ಬದಲಾಯಿಸಿಕೊಳ್ಳುವ ದಾರಿ ಬಿಡಬೇಕು. ಎಲ್ಲವನ್ನೂ ಒಂದೇ ಬೈನರಿಯಲ್ಲಿ ಅರೆದು ಕೊಡುವ ಕಡೆ ಇದು ಕಷ್ಟವಾಗುತ್ತದೆ.

ನಿಜವಾದ ಬಲೆ ಇರುವುದು ಒಳಗಿನ ಅವಲಂಬನೆಗಳಲ್ಲಿ. ಪೈಡೈಕಾಮ್ ಎಂಐಟಿ ಅಂತ ನೆಮ್ಮದಿಯಾಗಿದ್ದರೆ, ಅದಕ್ಕೆ ಜೆಪೆಗ್ ಬಿಚ್ಚಲು ಹಾಕಿಕೊಳ್ಳುವ ಪೈಲಿಬ್‌ಜೆಪೆಗ್-ಲಿಬ್‌ಜೆಪೆಗ್ ಜಿಪಿಎಲ್ 3. ಅದೇ ಕುಟುಂಬದ ಪೈಲಿಬ್‌ಜೆಪೆಗ್-ಓಪನ್‌ಜೆಪೆಗ್ ಎಂಐಟಿ. ಹೆಸರು ಒಂದೇ ಥರ, ಲೈಸೆನ್ಸ್ ಬೇರೆ. ಹಾಗಾಗಿ ಇನ್‌ಸ್ಟಾಲ್ ಆದ ಪ್ರತಿ ಪ್ಯಾಕೇಜಿನ ಲೈಸೆನ್ಸ್ ಪಟ್ಟಿ ತೆಗೆಯಿರಿ. ಇನ್ನು ರೆಪೊಸಿಟರಿಯಲ್ಲಿ (ಕೋಡ್ ಇಟ್ಟಿರುವ ಜಾಗ) ಲೈಸೆನ್ಸ್ ಫೈಲೇ ಇಲ್ಲ ಅಂದರೆ ಅದು "ಯಾರು ಬೇಕಾದರೂ ಬಳಸಿ" ಅಂತಲ್ಲ, ಬಳಸಲು ನಿಮಗೆ ಯಾವ ಹಕ್ಕನ್ನೂ ಕೊಟ್ಟಿಲ್ಲ ಅಂತ. ಅಂಥದ್ದನ್ನು ಮುಟ್ಟಬೇಡಿ.

ಹಂತ 4: ಖಾಲಿ ಮಷೀನಿನಲ್ಲಿ ಇನ್‌ಸ್ಟಾಲ್ ಮಾಡಿ

ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಮಾಡಬೇಡಿ, ಅದರಲ್ಲಿ ಏನೇನೋ ಮೊದಲೇ ಇರುತ್ತದೆ. ಹೊಸ ಕಂಟೇನರ್ ಅಥವಾ ವರ್ಚುವಲ್ ಮಷೀನ್ ತೆಗೆದುಕೊಳ್ಳಿ. ಸಿ ಕಂಪೈಲರ್ ಕೇಳುತ್ತಾ, ಜಾವಾ ಬೇಕಾ, ಸಿಸ್ಟಮ್ ಲೈಬ್ರರಿ ಹುಡುಕಾಡಿಸುತ್ತಾ, ವಿಂಡೋಸ್‌ನಲ್ಲಿ ಏನಾಗುತ್ತದೆ ನೋಡಿ.

ಒಂದೇ ಲೈಬ್ರರಿಯ ಒಂದೇ ಆವೃತ್ತಿ ಎರಡು ಮಷೀನಿನಲ್ಲಿ ಬೇರೆ ಬೇರೆ ಫಾರ್ಮ್ಯಾಟ್ ಓದಬಹುದು. ಜಿಡಿಎಎಲ್‌ನಲ್ಲಿ ಇದು ದಿನನಿತ್ಯದ ಮಾತು: ಕಂಪೈಲ್ ಮಾಡುವಾಗ ಯಾವ ಡ್ರೈವರ್ ಸೇರಿಸಿದ್ದಾರೋ ಅಷ್ಟೇ ಇರುತ್ತದೆ. ಅದರ ಮಾಹಿತಿ ಕಮಾಂಡ್‌ಗೆ ಫಾರ್ಮ್ಯಾಟ್ಸ್ ಆಯ್ಕೆ ಕೊಟ್ಟರೆ ಪೂರ್ತಿ ಪಟ್ಟಿ ತೋರಿಸುತ್ತದೆ. ಆ ಪಟ್ಟಿಯನ್ನು ನಿಮ್ಮ ಟಿಪ್ಪಣಿಯಲ್ಲಿ ಉಳಿಸಿಟ್ಟುಕೊಳ್ಳಿ, ಮುಂದೆ "ನನ್ನ ಮಷೀನಿನಲ್ಲಿ ತೆರೆಯುತ್ತೆ" ಅನ್ನುವ ಜಗಳ ಬಂದಾಗ ಉಪಯೋಗಕ್ಕೆ ಬರುತ್ತದೆ.

ಹಂತ 5: ಪಿಕ್ಸೆಲ್ ನಿಜವಾ ಅಂತ ನೋಡಿ

ಮುಖ್ಯ ಹಂತ ಇದು. ಕಣ್ಣಿನಿಂದ ನೋಡಿ "ಸರಿಯಾಗಿದೆ" ಅನ್ನಬೇಡಿ. ಕಣ್ಣು ಬಹಳ ಉದಾರಿ, ಹತ್ತು ಶೇಕಡಾ ಹೆಚ್ಚು ಕಡಿಮೆ ಆದರೂ ಒಪ್ಪಿಕೊಂಡುಬಿಡುತ್ತದೆ.

ಮೊದಲು ತಾಳೆ ನೋಡಲು ಬೇರೊಂದು ಓದುಗ ಬೇಕು. ಯಂತ್ರದ ಕಂಪನಿಯೇ ಕೊಡುವ ವ್ಯೂವರ್ ಆದರೆ ಒಳ್ಳೆಯದು. ಇಲ್ಲವಾದರೆ ಇನ್ನೊಂದು ಲೈಬ್ರರಿ, ಆದರೆ ಅದರ ಒಳಗಿನ ಡಿಕೋಡರ್ ಬೇರೆ ಇರಬೇಕು. ಎರಡು ಲೈಬ್ರರಿಗಳೂ ಜೆಪೆಗ್ 2000 ಬಿಚ್ಚಲು ಓಪನ್‌ಜೆಪೆಗ್ ಅನ್ನೇ ಕರೆಯುತ್ತಿದ್ದರೆ, ಎರಡರ ಉತ್ತರ ಒಂದೇ ಬಂದರೂ ಡಿಕೋಡರ್ ಸರಿ ಇದೆ ಅಂತ ಸಾಬೀತಾಗಲಿಲ್ಲ. ಒಬ್ಬನೇ ಸಾಕ್ಷಿ ಎರಡು ಸಲ ಹೇಳಿದ ಅಷ್ಟೇ.

ಆಮೇಲೆ ಎರಡರಿಂದಲೂ ಬಂದ ಅರೇಗಳನ್ನು (ಪಿಕ್ಸೆಲ್ ಸಂಖ್ಯೆಗಳ ಜೋಡಣೆ) ಒಂದರಿಂದ ಒಂದು ಕಳೆಯಿರಿ. ಕಳೆಯುವ ಮೊದಲು ಎರಡನ್ನೂ ಫ್ಲೋಟ್ ಅಥವಾ ದೊಡ್ಡ ಸೈನ್ಡ್ (ಮೈನಸ್ ಸಂಖ್ಯೆಯೂ ಹಿಡಿಸುವ) ಇಂಟಿಜರ್‌ಗೆ ಬದಲಾಯಿಸಿಕೊಳ್ಳುವುದನ್ನು ಮರೆಯಬೇಡಿ. ಮೈನಸ್ ಇಲ್ಲದ 8 ಬಿಟ್ ಅನ್‌ಸೈನ್ಡ್‌ನಲ್ಲಿ 3ರಿಂದ 5 ಕಳೆದರೆ 254 ಬರುತ್ತದೆ, ಇಲ್ಲದ ಬಗ್ ಹುಡುಕುತ್ತಾ ಕೂರಬೇಕಾಗುತ್ತದೆ. ಲಾಸ್‌ಲೆಸ್ ಫೈಲ್ ಆದರೆ ಉತ್ತರ ಎಲ್ಲಾ ಕಡೆ ಸೊನ್ನೆ ಇರಲೇಬೇಕು, ಒಂದು ಪಿಕ್ಸೆಲ್ ಕೂಡ ಬಿಡುವ ಹಾಗಿಲ್ಲ. ಲಾಸಿ (ಸ್ವಲ್ಪ ಮಾಹಿತಿ ಬಿಟ್ಟು ಕಂಪ್ರೆಸ್ ಮಾಡಿದ) ಜೆಪೆಗ್ ಆದರೆ ಡಿಕೋಡರ್‌ಗಳ ಲೆಕ್ಕಾಚಾರದಲ್ಲಿ ಸಣ್ಣ ವ್ಯತ್ಯಾಸ ಇರುತ್ತದೆ, ಒಂದೆರಡು ಅಂಕದ ಹೆಚ್ಚುಕಡಿಮೆ ಸಹಜ. ಆದರೆ ಆ ವ್ಯತ್ಯಾಸ ಇಡೀ ಚಿತ್ರದಲ್ಲಿ ಚದುರಿರಬೇಕು. ಒಂದೇ ಬದಿಗೆ ವಾಲಿದ್ದರೆ ಅಥವಾ ವಸ್ತುಗಳ ಅಂಚಿನಲ್ಲಿ ಮಾತ್ರ ಜೋರಾಗಿದ್ದರೆ ಬಣ್ಣದ ಪರಿವರ್ತನೆಯಲ್ಲೋ ಜೋಡಣೆಯಲ್ಲೋ ಏನೋ ಬೇರೆ ಇದೆ.

ದಿಕ್ಕು ಪರೀಕ್ಷಿಸಲು ನೀವೇ ಒಂದು ಚಿತ್ರ ತಯಾರಿಸಿ. ಅಗಲ ಎತ್ತರ ಬೇರೆ ಬೇರೆ ಇರಲಿ, ಒಂದು ಮೂಲೆಯಲ್ಲಿ ಮಾತ್ರ ಬಿಳಿ ಚುಕ್ಕಿ ಇರಲಿ. ಚೌಕ ಚಿತ್ರ ಬಳಸಿದರೆ ಸಾಲು ಕಂಬ ಅದಲುಬದಲಾದರೂ ಗೊತ್ತಾಗುವುದಿಲ್ಲ. ಸಿಟಿ ಸ್ಕ್ಯಾನ್ ಸಾಮಾನ್ಯವಾಗಿ 512 ಇಂಟು 512 ಇರುವುದರಿಂದ ಈ ತಪ್ಪು ಅಲ್ಲಿ ಚೆನ್ನಾಗಿ ಅಡಗಿಕೊಳ್ಳುತ್ತದೆ.

ಈಗ ಫಾರ್ಮ್ಯಾಟ್‌ಗೆ ತಕ್ಕ ಬಲೆಗಳು.

ಡೈಕಾಮ್ ಸಿಟಿಯಲ್ಲಿ ಫೈಲಿನಲ್ಲಿ ಕೂತಿರುವ ಸಂಖ್ಯೆ ಬೇರೆ, ಅದರ ಅರ್ಥ ಬೇರೆ. ಟ್ಯಾಗ್‌ನಲ್ಲಿರುವ ರೀಸ್ಕೇಲ್ ಸ್ಲೋಪ್‌ನಿಂದ ಗುಣಿಸಿ ಇಂಟರ್‌ಸೆಪ್ಟ್ ಕೂಡಿಸಿದರೆ ಹೌನ್ಸ್‌ಫೀಲ್ಡ್ ಸಂಖ್ಯೆ (ಸಿಟಿಯ ಅಳತೆ ಮಾನ) ಸಿಗುತ್ತದೆ. ಆ ಅಳತೆಯಲ್ಲಿ ನೀರು 0, ಗಾಳಿ ಸುಮಾರು ಮೈನಸ್ 1000. ಇದಕ್ಕಿಂತ ಸುಲಭದ ಪರೀಕ್ಷೆ ಸಿಗಲ್ಲ: ರೋಗಿಯ ಹೊರಗಿನ ಗಾಳಿಯ ಜಾಗದಲ್ಲಿ ಒಂದು ಪಿಕ್ಸೆಲ್ ತೆಗೆದು ನೋಡಿ. ಮೈನಸ್ 1000 ಆಸುಪಾಸಿನಲ್ಲಿದ್ದರೆ ಸರಿ. 0 ಅಥವಾ 24 ಅಂತ ಏನಾದರೂ ಬಂದರೆ ಲೈಬ್ರರಿ ಕಚ್ಚಾ ಸಂಖ್ಯೆ ಕೊಡುತ್ತಿದೆ, ಪರಿವರ್ತನೆ ನೀವೇ ಮಾಡಬೇಕು. 64,000ದ ಆಸುಪಾಸು ಬಂದರೆ ಸೈನ್ಡ್ ಸಂಖ್ಯೆಯನ್ನು ಅನ್‌ಸೈನ್ಡ್ ಅಂತ ಓದಿದೆ. ಲೈಬ್ರರಿ ಕಚ್ಚಾ ಸಂಖ್ಯೆ ಕೊಡುವುದು ತಪ್ಪಲ್ಲ, ಕೊಡುವುದು ಯಾವುದು ಅಂತ ದಾಖಲೆಯಲ್ಲಿ ಹೇಳದಿರುವುದು ತಪ್ಪು. ಪೆಟ್ ಸ್ಕ್ಯಾನ್‌ನಲ್ಲಿ ಇನ್ನೊಂದು ಕಿತಾಪತಿ ಇದೆ, ಪ್ರತಿ ಸ್ಲೈಸ್‌ಗೂ ಸ್ಲೋಪ್ ಬೇರೆ ಇರಬಹುದು. ಮೊದಲ ಸ್ಲೈಸಿನ ಸ್ಲೋಪನ್ನೇ ಇಡೀ ಸರಣಿಗೆ ಹಾಕುವ ಲೈಬ್ರರಿ ಸುಂದರವಾದ, ಪೂರ್ತಿ ತಪ್ಪಾದ ಚಿತ್ರ ಕೊಡುತ್ತದೆ.

ಹಾಗೇ ಮೋನೋಕ್ರೋಮ್1 ಅಂತ ಗುರುತಿರುವ ಎಕ್ಸ್‌ರೇಯಲ್ಲಿ ಚಿಕ್ಕ ಸಂಖ್ಯೆಗೆ ಬಿಳಿ, ಮೋನೋಕ್ರೋಮ್2ರಲ್ಲಿ ಚಿಕ್ಕ ಸಂಖ್ಯೆಗೆ ಕಪ್ಪು. ಲೈಬ್ರರಿ ತಾನೇ ತಿರುಗಿಸುತ್ತದಾ ಇಲ್ಲವಾ ಅಂತ ನೋಡಿ. ಬಣ್ಣದ ಚಿತ್ರಗಳಲ್ಲಿ ವೈಬಿಆರ್ (ಬೆಳಕು ಮತ್ತು ಬಣ್ಣ ಬೇರೆ ಬೇರೆ ಇಡುವ ಬಗೆ) ನಿಂದ ಆರ್‌ಜಿಬಿಗೆ ಬದಲಾಯಿಸದೆ ಬಿಟ್ಟರೆ, ಅಥವಾ ಎರಡು ಸಲ ಬದಲಾಯಿಸಿದರೆ, ಬಣ್ಣ ವಿಚಿತ್ರವಾಗಿ ಹಸಿರು ಗುಲಾಬಿ ಆಗಿ ಕಾಣುತ್ತದೆ. ಇದೊಂದನ್ನು ಕಣ್ಣೇ ಹಿಡಿಯುತ್ತದೆ.

ಓಪನ್‌ಸ್ಲೈಡ್ ಬಳಸುವಾಗ ಹೊಸಬರು ಎಡವುವ ಜಾಗ ಒಂದಿದೆ. ಸ್ಲೈಡ್ ಚಿತ್ರ ಒಂದು ಪಿರಮಿಡ್, ಮೇಲಿನ ಮಟ್ಟಗಳಲ್ಲಿ ಚಿಕ್ಕ ಪ್ರತಿಗಳಿರುತ್ತವೆ. ಒಂದು ತುಂಡು ಓದುವಾಗ ನೀವು ಯಾವ ಮಟ್ಟ ಕೇಳಿದರೂ ಜಾಗದ ಗುರುತನ್ನು ಮಾತ್ರ 0ನೇ ಮಟ್ಟದ ಅಳತೆಯಲ್ಲೇ ಕೊಡಬೇಕು. ಆದರೆ ತುಂಡಿನ ಅಗಲ ಎತ್ತರ ನೀವು ಕೇಳಿದ ಮಟ್ಟದ ಅಳತೆಯಲ್ಲಿ. ಇದನ್ನು ಬೆರೆಸಿದರೆ ಎರರ್ ಬರುವುದಿಲ್ಲ, ಬೇರೆ ಯಾವುದೋ ಜಾಗದ ಅಂಗಾಂಶ ಬರುತ್ತದೆ.

ಫಿಟ್ಸ್‌ನಲ್ಲಿ ಅನ್‌ಸೈನ್ಡ್ 16 ಬಿಟ್ ಅನ್ನುವ ಬಗೆಯೇ ಇಲ್ಲ. ಹಾಗಾಗಿ ಸೈನ್ಡ್ ಆಗಿ ಇಟ್ಟು, ಹೆಡರ್‌ನಲ್ಲಿ ಬಿಝೀರೋ 32768 ಅಂತ ಬರೆದಿರುತ್ತಾರೆ. ಇದನ್ನು ಕಡೆಗಣಿಸುವ ಓದುಗನಿಗೆ ಪ್ರತಿ ಪಿಕ್ಸೆಲ್ 32768 ಕಡಿಮೆ ಸಿಗುತ್ತದೆ. ಜೊತೆಗೆ ಫಿಟ್ಸ್‌ನಲ್ಲಿ ಮೊದಲ ಸಾಲನ್ನು ಕೆಳಗೆ ತೋರಿಸುವುದು ರೂಢಿ, ಮಾಮೂಲಿ ಇಮೇಜ್ ವ್ಯೂವರ್‌ಗಳು ಮೇಲೆ ತೋರಿಸುತ್ತವೆ. ಆಕಾಶ ತಲೆಕೆಳಗಾದರೆ ಗಾಬರಿ ಬೇಡ, ಆದರೆ ಯಾವುದು ಅಂತ ಗೊತ್ತಿರಲಿ.

ಕ್ಯಾಮೆರಾ ರಾದಲ್ಲಿ ಡೀಫಾಲ್ಟ್‌ಗಳೇ ಶತ್ರು. ಲಿಬ್‌ರಾ ಸುಮ್ನೆ ಕರೆದರೆ ಬ್ರೈಟ್‌ನೆಸ್ ತಾನೇ ಹೊಂದಿಸಿ, ಗಾಮಾ (ಕಣ್ಣಿಗೆ ಹೊಂದುವಂತೆ ಬೆಳಕಿನ ತಿದ್ದುಪಡಿ) ಹಾಕಿ, 8 ಬಿಟ್ ಚಿತ್ರ ಕೊಡುತ್ತದೆ. ಫೋಟೋ ನೋಡಲು ಇದು ಚೆಂದ. ಆದರೆ ಒಂದೇ ಎಕ್ಸ್‌ಪೋಷರ್‌ನ ಎರಡು ಚಿತ್ರಗಳ ಬೆಳಕನ್ನು ಹೋಲಿಸಬೇಕಾದವರಿಗೆ ಇದು ಪೂರ್ತಿ ನಿರುಪಯೋಗಿ, ಯಾಕೆಂದರೆ ಒಂದೊಂದು ಚಿತ್ರಕ್ಕೂ ಬೇರೆ ಬೇರೆ ಗುಣಾಕಾರ ಆಗಿರುತ್ತದೆ. ಅಳತೆ ಕೆಲಸಕ್ಕೆ ಆಟೋ ಬ್ರೈಟ್ ಆಫ್ ಮಾಡಿ, ಲೀನಿಯರ್ ಗಾಮಾ ಮತ್ತು 16 ಬಿಟ್ ಕೇಳಿ.

ಪಿಕ್ಸೆಲ್ ಮುಗಿದ ಮೇಲೆ ಮೆಟಾಡೇಟಾ. ಎಲ್ಲಕ್ಕಿಂತ ಮುಖ್ಯ ಅಳತೆಯ ಪ್ರಮಾಣ. ಡೈಕಾಮ್‌ನ ಪಿಕ್ಸೆಲ್ ಸ್ಪೇಸಿಂಗ್‌ನಲ್ಲಿ ಮೊದಲ ಸಂಖ್ಯೆ ಸಾಲುಗಳ ನಡುವಿನ ಅಂತರ, ಎರಡನೆಯದು ಕಂಬಗಳದ್ದು, ಅಂದರೆ ಎಕ್ಸ್ ವೈ ಅಂತ ಓದಿಕೊಂಡರೆ ಉಲ್ಟಾ ಆಗುತ್ತದೆ. ಹೆಚ್ಚಿನ ಚಿತ್ರಗಳಲ್ಲಿ ಎರಡೂ ಒಂದೇ ಇರುವುದರಿಂದ ಈ ತಪ್ಪು ಬಹಳ ದಿನ ಬದುಕುತ್ತದೆ. ಎರಡೂ ಬೇರೆ ಇರುವ ಒಂದು ಫೈಲನ್ನು ಹುಡುಕಿಯಾದರೂ ಟೆಸ್ಟ್ ಫೋಲ್ಡರ್‌ಗೆ ಹಾಕಿ.

ಹಂತ 6: ಗಾತ್ರ ಮತ್ತು ವೇಗ

1,00,000 ಇಂಟು 80,000 ಪಿಕ್ಸೆಲ್‌ನ ಒಂದು ಸ್ಲೈಡ್ ಅಂದುಕೊಳ್ಳಿ. ಪಿಕ್ಸೆಲ್‌ಗೆ 3 ಬೈಟ್ ಅಂದರೂ ಬಿಚ್ಚಿದಾಗ 24 ಜಿಬಿ. ಇಡೀ ಚಿತ್ರವನ್ನು ಮೆಮೊರಿಗೆ ಎಳೆದುಕೊಳ್ಳುವ ಲೈಬ್ರರಿ ಇಲ್ಲಿ ಲೆಕ್ಕಕ್ಕಿಲ್ಲ. ತುಂಡು ತುಂಡಾಗಿ ಓದುವ ಸೌಲಭ್ಯ ಇದ್ದೇ ಇರಬೇಕು. ಇದೆ ಅಂತ ದಾಖಲೆ ಹೇಳಿದರೂ ನಂಬಬೇಡಿ, ಒಂದು ಸಣ್ಣ ತುಂಡು ಕೇಳಿ ಮೆಮೊರಿ ಎಷ್ಟಕ್ಕೆ ಏರಿತು ಅಂತ ನೋಡಿ. ಒಳಗೊಳಗೆ ಪೂರ್ತಿ ಬಿಚ್ಚಿ ಆಮೇಲೆ ಕತ್ತರಿಸಿ ಕೊಡುವ ಮಹಾನುಭಾವರೂ ಇದ್ದಾರೆ.

ವೇಗ ಅಳೆಯುವಾಗ ಮೊದಲ ಸಲದ ಓದು ಮತ್ತು ಎರಡನೇ ಸಲದ ಓದನ್ನು ಬೇರೆ ಬೇರೆ ಬರೆದುಕೊಳ್ಳಿ, ಎರಡನೇ ಸಲ ಫೈಲ್ ಆಪರೇಟಿಂಗ್ ಸಿಸ್ಟಮ್ ಕ್ಯಾಶ್‌ನಲ್ಲಿರುತ್ತದೆ. ಸಾಲಾಗಿ ಓದುವುದನ್ನೂ, ಎಲ್ಲೆಂದರಲ್ಲಿ ಓದುವುದನ್ನೂ ಅಳೆಯಿರಿ. ಸರ್ವರ್‌ನಲ್ಲಿ ಓಡಿಸುವವರು ಇನ್ನೊಂದು ಮಾಡಿ: ಒಂದೇ ಫೈಲನ್ನು ಸಾವಿರಾರು ಸಲ ತೆರೆದು ಮುಚ್ಚಿ, ಮೆಮೊರಿ ಮತ್ತು ತೆರೆದಿರುವ ಫೈಲ್ ಹ್ಯಾಂಡಲ್‌ಗಳ ಸಂಖ್ಯೆ ಏರುತ್ತಾ ಹೋಗುತ್ತದಾ ನೋಡಿ. ರಾತ್ರಿ ಬಿಟ್ಟು ಬೆಳಿಗ್ಗೆ ನೋಡಿದರಾಯಿತು.

ವೇಗಕ್ಕಾಗಿ ಲೈಬ್ರರಿ ಆರಿಸಬೇಡಿ ಅನ್ನುವುದು ನನ್ನ ಅಭಿಪ್ರಾಯ. ನಿಧಾನವಾದದ್ದನ್ನು ನಾಲ್ಕು ಪ್ರೊಸೆಸ್‌ನಲ್ಲಿ ಓಡಿಸಿ ವೇಗ ಮಾಡಬಹುದು. ತಪ್ಪಾದದ್ದನ್ನು ನಾಲ್ಕರಲ್ಲಿ ಓಡಿಸಿದರೆ ನಾಲ್ಕು ಪಟ್ಟು ಬೇಗ ತಪ್ಪು ಬರುತ್ತದೆ.

ಹಂತ 7: ಕೆಟ್ಟ ಫೈಲ್ ಕೊಟ್ಟು ಕಾಡಿಸಿ

ಹಂತ 2ರಲ್ಲಿ ತಯಾರಿಸಿದ ಕೆಟ್ಟ ಫೈಲ್‌ಗಳನ್ನು ಈಗ ಹೊರಗೆ ತೆಗೆಯಿರಿ. ಒಳ್ಳೆ ಲೈಬ್ರರಿ ಸ್ಪಷ್ಟವಾದ ಎರರ್ ಕೊಟ್ಟು ನಿಲ್ಲುತ್ತದೆ. ನಮಗೆ ಬೇಡದ್ದು ಎರಡು ಬಗೆ. ಒಂದು, ನಿಮ್ಮ ಇಡೀ ಪ್ರೋಗ್ರಾಮನ್ನೇ ಕೊಂದು ಹೋಗುವುದು. ಜೆಪೆಗ್ ಬಿಚ್ಚುವ ಲಿಬ್‌ಜೆಪೆಗ್‌ನ ಡೀಫಾಲ್ಟ್ ಎರರ್ ಹ್ಯಾಂಡ್ಲರ್ ಮಾಡುವುದೇ ಇದು, ಮೆಸೇಜ್ ಅಚ್ಚು ಮಾಡಿ ಪ್ರೊಸೆಸ್‌ನಿಂದ ಹೊರಗೆ. ಅದನ್ನು ಬಳಸುವ ಲೈಬ್ರರಿ ತನ್ನದೇ ಹ್ಯಾಂಡ್ಲರ್ ಹಾಕಿಕೊಂಡಿರಬೇಕು. ಎರಡನೆಯದು ಇನ್ನೂ ಕೆಟ್ಟದು: ಸುಮ್ಮನಿರುವುದು. ಅರ್ಧ ಕತ್ತರಿಸಿದ ಜೆಪೆಗ್‌ಗೆ ಅದೇ ಲಿಬ್‌ಜೆಪೆಗ್ ಒಂದು ವಾರ್ನಿಂಗ್ ಕೊಟ್ಟು ಉಳಿದ ಭಾಗಕ್ಕೆ ಬೂದು ಬಣ್ಣ ತುಂಬುತ್ತದೆ. ಆ ವಾರ್ನಿಂಗ್ ನಿಮ್ಮ ತನಕ ಬರುತ್ತದಾ, ಅಥವಾ ಮಧ್ಯದ ಲೈಬ್ರರಿ ನುಂಗಿಬಿಡುತ್ತದಾ? ಇದಕ್ಕೆ ಉತ್ತರ ಸಿಗುವವರೆಗೆ ಮುಂದೆ ಹೋಗಬೇಡಿ.

ಹೊರಗಿನವರ ಫೈಲ್ ಓದುವವರಿಗೆ ಸೆಕ್ಯುರಿಟಿ ಬೇರೆ. ಇಮೇಜ್ ಡಿಕೋಡರ್‌ಗಳು ಹೆಚ್ಚಾಗಿ ಸಿ ಅಥವಾ ಸಿ++ನಲ್ಲಿ ಬರೆದವು, ಫೈಲಿನಲ್ಲಿರುವ ಸಂಖ್ಯೆಯನ್ನು ನಂಬಿ ಮೆಮೊರಿ ಮುಟ್ಟುತ್ತವೆ. 2023ರ ಸೆಪ್ಟೆಂಬರ್‌ನಲ್ಲಿ ವೆಬ್‌ಪಿ ಚಿತ್ರ ಬಿಚ್ಚುವ ಲಿಬ್‌ವೆಬ್‌ಪಿಯ ಸಿವಿಇ-2023-4863 (ಸಿವಿಇ ಅಂದರೆ ಬಹಿರಂಗವಾದ ಸೆಕ್ಯುರಿಟಿ ದೋಷಕ್ಕೆ ಕೊಡುವ ನಂಬರ್) ಬಂದಾಗ ಕ್ರೋಮ್, ಫೈರ್‌ಫಾಕ್ಸ್ ಸೇರಿ ಅದನ್ನು ಒಳಗಿಟ್ಟುಕೊಂಡಿದ್ದ ಲೆಕ್ಕವಿಲ್ಲದಷ್ಟು ಪ್ರೋಗ್ರಾಮ್‌ಗಳು ಅವಸರದಲ್ಲಿ ಅಪ್‌ಡೇಟ್ ಆಗಬೇಕಾಯಿತು. ದಾಳಿ ಮಾಡಲು ಒಂದು ಚಿತ್ರ ಸಾಕಾಗಿತ್ತು. ಹಾಗಾಗಿ ಲೈಬ್ರರಿಯ ಹಳೆಯ ಸಿವಿಇ ಪಟ್ಟಿ ನೋಡಿ. ಪಟ್ಟಿ ಉದ್ದ ಇದೆ ಅಂತ ಹೆದರಬೇಡಿ, ಲಿಬ್‌ಟಿಫ್‌ನ ಪಟ್ಟಿ ಬಹಳ ಉದ್ದ, ಅಷ್ಟು ಜನ ಅದನ್ನು ಕೆದಕಿ ನೋಡಿದ್ದಾರೆ ಅಂತ ಅರ್ಥ. ವರದಿಯಾದ ಮೇಲೆ ಎಷ್ಟು ದಿನಕ್ಕೆ ಸರಿ ಮಾಡಿದರು ಅನ್ನುವುದನ್ನು ನೋಡಿ. ಓಪನ್ ಸೋರ್ಸ್ ಕೋಡ್‌ಗೆ ಅಡ್ಡಾದಿಡ್ಡಿ ಇನ್‌ಪುಟ್ ಕೊಟ್ಟು ಬಗ್ ಹುಡುಕಲು ಗೂಗಲ್ 2016ರಲ್ಲಿ ಶುರು ಮಾಡಿದ ಓಎಸ್‌ಎಸ್-ಫಝ್‌ನಲ್ಲಿ ಈ ಯೋಜನೆ ಇದೆಯಾ ಅಂತಲೂ ನೋಡಿ.

ಗಾತ್ರದ ಮಿತಿಯೂ ಬೇಕು. ಕೆಲವೇ ಕೆಬಿಯ ಫೈಲ್ ತನ್ನ ಹೆಡರ್‌ನಲ್ಲಿ ಕೋಟಿಗಟ್ಟಲೆ ಪಿಕ್ಸೆಲ್ ಇದೆ ಅಂತ ಹೇಳಿಕೊಂಡು ನಿಮ್ಮ ಮೆಮೊರಿ ತಿಂದುಹಾಕಬಹುದು. ಪಿಲ್ಲೋ ಇದಕ್ಕೆ ಸುಮಾರು 8.9 ಕೋಟಿ ಪಿಕ್ಸೆಲ್‌ಗೆ ವಾರ್ನಿಂಗ್, ಅದರ ಎರಡರಷ್ಟು ದಾಟಿದರೆ ಎರರ್ ಕೊಡುತ್ತದೆ. ನೀವು ನೋಡುತ್ತಿರುವ ಲೈಬ್ರರಿಯಲ್ಲಿ ಇಂಥ ಮಿತಿ ಇಲ್ಲದಿದ್ದರೆ ಹೆಡರ್ ಮೊದಲು ಓದಿ ನೀವೇ ತಡೆಯಿರಿ. ಏನೇ ಇರಲಿ, ಅಪರಿಚಿತ ಫೈಲ್ ಬಿಚ್ಚುವ ಕೆಲಸವನ್ನು ಮೆಮೊರಿ ಮತ್ತು ಸಮಯದ ಮಿತಿ ಇರುವ ಬೇರೆ ಪ್ರೊಸೆಸ್‌ನಲ್ಲೇ ಮಾಡಿ. ಸಿ ಲೈಬ್ರರಿಯನ್ನು ನೀವೇ ಕಂಪೈಲ್ ಮಾಡಬಹುದಾದರೆ ಅಡ್ರೆಸ್ ಸ್ಯಾನಿಟೈಸರ್ (ಮೆಮೊರಿ ತಪ್ಪುಗಳನ್ನು ಹಿಡಿಯುವ ಸಾಧನ) ಹಾಕಿ ಟೆಸ್ಟ್ ಫೋಲ್ಡರ್ ಪೂರ್ತಿ ಓಡಿಸಿ ನೋಡಿ.

ಹಂತ 8: ಹಿಂದಿರುವ ಜನ

ಸ್ಟಾರ್ ಎಷ್ಟಿದೆ ಅನ್ನುವುದು ಎಷ್ಟು ಜನ ಆ ಪುಟಕ್ಕೆ ಬಂದು ಮೆಚ್ಚಿದರು ಅನ್ನುವುದಷ್ಟೇ. ಮುಚ್ಚಿದ ಇಶ್ಯೂಗಳನ್ನು (ಬಳಕೆದಾರರ ದೂರುಗಳು) ಓದಿ, ಅದರಲ್ಲಿ ಹೆಚ್ಚು ತಿಳಿಯುತ್ತದೆ. "ಈ ಫೈಲ್ ತಪ್ಪಾಗಿ ಕಾಣುತ್ತಿದೆ" ಅಂತ ಯಾರೋ ಬರೆದಾಗ ಏನು ಉತ್ತರ ಬಂತು? ಫೈಲ್ ಕೇಳಿದರಾ, ಟೆಸ್ಟ್‌ಗೆ ಸೇರಿಸಿದರಾ? ಚೇಂಜ್‌ಲಾಗ್‌ನಲ್ಲಿ (ಬದಲಾವಣೆಗಳ ಪಟ್ಟಿ) "ಈ ಆವೃತ್ತಿಯಲ್ಲಿ ಪಿಕ್ಸೆಲ್ ಮೌಲ್ಯ ಬದಲಾಗಿದೆ" ಅಂತ ಬಾಯಿಬಿಟ್ಟು ಹೇಳುತ್ತಾರಾ?

ಕೊನೆಯ ಕಮಿಟ್ (ಕೋಡ್‌ಗೆ ಮಾಡಿದ ಬದಲಾವಣೆ) ಹಳೆಯದು ಅಂದ ಮಾತ್ರಕ್ಕೆ ಯೋಜನೆ ಸತ್ತಿದೆ ಅಂದುಕೊಳ್ಳಬೇಡಿ. ಫಾರ್ಮ್ಯಾಟ್ ನೋಡಿ ಹೇಳಬೇಕು. ಫಿಟ್ಸ್‌ನಲ್ಲಿ ಒಮ್ಮೆ ಫಿಟ್ಸ್ ಆದ ಫೈಲ್ ಯಾವತ್ತಿಗೂ ಫಿಟ್ಸ್ ಅನ್ನುವುದೇ ನಿಯಮ, ಓದುವ ಕೋಡ್ ಶಾಂತವಾಗಿ ಕೂತಿದ್ದರೂ ನಡೆಯುತ್ತದೆ. ಕ್ಯಾಮೆರಾ ರಾ ಹಾಗಲ್ಲ, ಹೊಸ ಕ್ಯಾಮೆರಾ ಬಂದ ಹಾಗೆ ಕೋಡ್ ಬದಲಾಗಲೇಬೇಕು. ಒಂದು ಕಾಲಕ್ಕೆ ಎಲ್ಲರೂ ನೆಚ್ಚಿಕೊಂಡಿದ್ದ ಡಿಸಿರಾ 2018ರ 9.28 ಆವೃತ್ತಿಗೆ ನಿಂತಿತು. ಅದರಿಂದಲೇ ಹುಟ್ಟಿದ ಲಿಬ್‌ರಾ ಆ ಕೆಲಸ ಮುಂದುವರಿಸಿದೆ.

ಎಷ್ಟು ಜನ ಕೋಡ್ ಒಪ್ಪಿ ಸೇರಿಸುತ್ತಾರೆ ಅನ್ನುವುದನ್ನೂ ಎಣಿಸಿ. 2024ರ ಮಾರ್ಚ್‌ನಲ್ಲಿ ಕಂಪ್ರೆಷನ್ ಕೋಡ್ ಬರೆಯುವ ಎಕ್ಸ್‌ಝಡ್ ಯೋಜನೆಯ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು ಸಿಕ್ಕಿದ್ದು ನೆನಪಿರಬಹುದು. ದಣಿದಿದ್ದ ಒಬ್ಬ ನಿರ್ವಾಹಕನ ಪಕ್ಕಕ್ಕೆ ಸಹಾಯ ಮಾಡುವವನ ವೇಷದಲ್ಲಿ ಬಂದ ಯಾರೋ ನಿಧಾನಕ್ಕೆ ನಂಬಿಕೆ ಗಳಿಸಿ ಅದನ್ನು ಸೇರಿಸಿದ್ದರು. ಇಮೇಜ್‌ಗೂ ಇದಕ್ಕೂ ಏನು ಸಂಬಂಧ ಅಂದರೆ, ಲಿಬ್‌ಟಿಫ್ ಎಲ್‌ಝಡ್‌ಎಂಎ ಕಂಪ್ರೆಷನ್‌ಗೆ ಕರೆಯುವುದು ಆ ಯೋಜನೆಯ ಲೈಬ್ರರಿಯನ್ನೇ.

ಹಂತ 9: ತೀರ್ಮಾನ ಮಾಡಿ, ಬೇಲಿ ಹಾಕಿ

ನೂರಕ್ಕೆ ಇಷ್ಟು ಅಂಕ ಅಂತ ಟೇಬಲ್ ಮಾಡುವ ಅಭ್ಯಾಸ ನನಗೆ ಹಿಡಿಸುವುದಿಲ್ಲ. ದಾಖಲೆ ಚೆನ್ನಾಗಿದೆ ಅನ್ನುವ ಅಂಕ ಬಂದು ತಪ್ಪು ಪಿಕ್ಸೆಲ್‌ನ ಅಂಕವನ್ನು ಮುಚ್ಚಿಹಾಕುತ್ತದೆ. ಮೊದಲು ತಳ್ಳಿಹಾಕುವ ಕಾರಣಗಳನ್ನು ನೋಡಿ: ಲೈಸೆನ್ಸ್ ಹೊಂದುವುದಿಲ್ಲ, ನಿಮ್ಮ ಕಂಪ್ರೆಷನ್ ಓದುವುದಿಲ್ಲ, ಲಾಸ್‌ಲೆಸ್ ಫೈಲಿನಲ್ಲಿ ಪಿಕ್ಸೆಲ್ ತಾಳೆಯಾಗುವುದಿಲ್ಲ, ಕೆಟ್ಟ ಫೈಲಿಗೆ ಸುಮ್ಮನಿರುತ್ತದೆ. ಇದರಲ್ಲಿ ಒಂದಿದ್ದರೂ ಹೊರಗೆ. ಉಳಿದವುಗಳಲ್ಲಿ ನಿಮ್ಮ ತಂಡದವರಿಗೆ ಕೋಡ್ ಓದಿದರೆ ಅರ್ಥವಾಗುವುದನ್ನು ಆರಿಸಿ, ಯಾಕೆಂದರೆ ಒಂದಲ್ಲ ಒಂದು ದಿನ ಅದರ ಒಳಗೆ ಇಣುಕಲೇಬೇಕಾಗುತ್ತದೆ.

ಆರಿಸಿದ ಮೇಲೆ ಅದನ್ನು ಕೋಡಿನ ಎಲ್ಲಾ ಕಡೆಯಿಂದ ನೇರವಾಗಿ ಕರೆಯಬೇಡಿ. ಮಧ್ಯೆ ಒಂದು ತೆಳು ಪದರ ಬರೆಯಿರಿ: ಫೈಲ್ ಒಳಗೆ ಹೋಗುತ್ತದೆ, ಪಿಕ್ಸೆಲ್ ಅರೇ, ಅದರ ಯೂನಿಟ್, ಪಿಕ್ಸೆಲ್ ಅಂತರ, ದಿಕ್ಕು ಹೊರಗೆ ಬರುತ್ತವೆ, ಅಷ್ಟೇ. ನಾಳೆ ಲೈಬ್ರರಿ ಬದಲಾಯಿಸಬೇಕಾದರೆ ಈ ಒಂದು ಜಾಗ ಮುಟ್ಟಿದರೆ ಸಾಕು.

ಆವೃತ್ತಿಯನ್ನು ಕಟ್ಟಿಹಾಕಿ, ಲೈಬ್ರರಿಯದ್ದು ಮಾತ್ರವಲ್ಲ, ಒಳಗಿನ ಡಿಕೋಡರ್‌ಗಳದ್ದೂ. ಟೆಸ್ಟ್ ಫೋಲ್ಡರನ್ನು ಅಳಿಸಬೇಡಿ. ಪ್ರತಿ ಲಾಸ್‌ಲೆಸ್ ಫೈಲಿನ ಪಿಕ್ಸೆಲ್, ಆಕಾರ, ಡೇಟಾ ಟೈಪ್ ಮೂರನ್ನೂ ಸೇರಿಸಿ ಒಂದು ಹ್ಯಾಶ್ (ಡೇಟಾ ಸ್ವಲ್ಪ ಬದಲಾದರೂ ಬದಲಾಗುವ ಚಿಕ್ಕ ಗುರುತು) ಲೆಕ್ಕ ಹಾಕಿ ಇಟ್ಟುಕೊಳ್ಳಿ, ಪ್ರತಿ ಅಪ್‌ಗ್ರೇಡ್‌ಗೂ ಓಡಿಸಿ. ಲಾಸಿ ಫೈಲ್‌ಗಳಿಗೆ ಹ್ಯಾಶ್ ಬೇಡ, ಡಿಕೋಡರ್ ಅಪ್‌ಡೇಟ್ ಆದರೆ ಕೊನೆಯ ಬಿಟ್ ಬದಲಾಗಿ ಸುಳ್ಳು ಎಚ್ಚರಿಕೆ ಕೊಡುತ್ತದೆ. ಅಲ್ಲಿ ಹಳೆಯ ಅರೇ ಇಟ್ಟುಕೊಂಡು ಇಷ್ಟರೊಳಗೆ ವ್ಯತ್ಯಾಸ ಇರಬಹುದು ಅಂತ ಮಿತಿ ಹಾಕಿ.

ಪರೀಕ್ಷೆಯಲ್ಲಿ ಬಗ್ ಸಿಕ್ಕಿದರೆ ನಿಮ್ಮ ಕೋಡ್‌ನಲ್ಲಿ ತೇಪೆ ಹಾಕಿ ಮರೆತುಬಿಡಬೇಡಿ, ವರದಿ ಮಾಡಿ. ಗುರುತು ಅಳಿಸಿದ ಚಿಕ್ಕ ಫೈಲ್, ನಿಮಗೆ ಬಂದ ಸಂಖ್ಯೆ, ಬರಬೇಕಿದ್ದ ಸಂಖ್ಯೆ, ಅದು ಸರಿ ಅಂತ ಹೇಳಲು ನೀವು ಬಳಸಿದ ಇನ್ನೊಂದು ಓದುಗ, ಎಲ್ಲಾ ಆವೃತ್ತಿಗಳ ಪಟ್ಟಿ, ಇಷ್ಟು ಕೊಡಿ. ಜೊತೆಗೆ ಆ ಫೈಲನ್ನು ಅವರ ಟೆಸ್ಟ್ ಸಂಗ್ರಹಕ್ಕೆ ಸೇರಿಸಿಕೊಳ್ಳಲು ಅನುಮತಿ ಇದೆ ಅಂತ ಒಂದು ಸಾಲು ಬರೆಯಿರಿ, ಆ ಸಾಲಿಲ್ಲದೆ ಎಷ್ಟೋ ಒಳ್ಳೆ ಫೈಲ್‌ಗಳನ್ನು ಅವರು ಬಳಸುವ ಹಾಗೇ ಇರುವುದಿಲ್ಲ.